ಹುಲಿಗೆಮ್ಮ ಸಿಂಪಡಿಸದ ಕಡಲಪಾಚಿ

2022ರ ಮುಂಗಾರು. ನಾನಾಗ ಸಿಂಧನೂರು ತಾಲ್ಲೂಕಿನಲ್ಲಿ ಸಹಾಯಕ ಕೃಷಿ ಅಧಿಕಾರಿ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅಷ್ಟು ಕಾಲ ಫೀಲ್ಡಿನಲ್ಲಿ ಅಲೆದವನಿಗೆ ಅನುಮಾನ ಮೈಗೇ ಹತ್ತಿಬಿಡುತ್ತದೆ. ಪುಕ್ಕಟೆ ಕೊಟ್ಟ ಬೀಜವನ್ನು ಸಂತೆಯಲ್ಲಿ ಮಾರಿದವರನ್ನೂ, ಸ್ಪ್ರೇಯರನ್ನು ಮಾವನ ಮನೆಗೆ ಸಾಗಿಸಿದವರನ್ನೂ ಕಂಡವನು ನಾನು.

ಆ ವರ್ಷ ನಮಗೆ ಬಂದದ್ದು ಕಡಲಪಾಚಿ ದ್ರಾವಣ. ಸಮುದ್ರದಲ್ಲಿ ಬೆಳೆಸಿದ ಪಾಚಿಯನ್ನು ಅರೆದು ತೆಗೆದ ಕಂದು ರಸ; ನೀರಿಗೆ ಬೆರೆಸಿ ಭತ್ತಕ್ಕೆ ಸಿಂಪಡಿಸಿದರೆ ಬೇರು, ಬುಡದಿಂದ ಒಡೆಯುವ ತೆಂಡೆ ಚೆನ್ನಾಗಿ ಬರುತ್ತವೆ ಎನ್ನುವುದು ನಮ್ಮ ಪಾಠ. ವಳಕಮದಿನ್ನಿಯ ಹುಲಿಗೆಮ್ಮನ ಗದ್ದೆಯಲ್ಲಿ ಡೆಮೊ, ಅಂದರೆ ಊರವರಿಗೆ ತೋರಿಸಲು ಪ್ರಾತ್ಯಕ್ಷಿಕೆ, ಇಟ್ಟೆವು. ಗಂಡ ತೀರಿಕೊಂಡ ಮೇಲೆ ಮೂರು ಎಕರೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಹೆಂಗಸು. ಅದರಲ್ಲಿ ಒಂದು ಎಕರೆ ಆಗಲೇ ಸವಳಾಗಿ, ಬಿಳಿ ಉಪ್ಪು ಮೇಲೆದ್ದು, ಹುಲ್ಲೂ ಹುಟ್ಟದಂತಾಗಿತ್ತು.

ಆಕೆ ನಾನು ಕೊಟ್ಟ ದ್ರಾವಣದ ಕ್ಯಾನಿನ ಮುಚ್ಚಳ ತೆಗೆದು, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗುಳಿದಳು.

“ಉಪ್ಪು ಐತಲ್ರೀ ಸಾಹೇಬ್ರ! ಉಳದೆರಡು ಎಕರೆನೂ ಸವಳು ಮಾಡ್ತೀರೇನು?”

“ಅಷ್ಟು ನೀರಿಗೆ ಇದು ಎಷ್ಟರದಮ್ಮ? ಏನೂ ಆಗಲ್ಲ” ಎಂದು ಅಳತೆ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟೆ.

ಇಪ್ಪತ್ತು ದಿನ ಬಿಟ್ಟು ಹೋದರೆ, ಸಿಂಪಡಿಸುವ ಅರ್ಧ, ಹಾಗೇ ಬಿಡುವ ಅರ್ಧದ ಗುರುತಿಗೆ ನೆಟ್ಟ ಕೋಲಿನ ಆಚೆ ಈಚೆ ಬೆಳೆ ಒಂದೇ ಥರ. ಕ್ಯಾನ್ ಎಲ್ಲಿ ಎಂದರೆ ಮುಖ ತಿರುಗಿಸಿ “ಮನ್ಯಾಗ ಐತ್ರೀ” ಎಂದಳು. ಮಾರಿಕೊಂಡಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಬದುವಿನ ಮೇಲೆ ನಿಂತೇ ರಿಪೋರ್ಟ್ ಬರೆದೆ: ‘ದ್ರಾವಣ ದುರುಪಯೋಗ. ಇವರ ಹೆಸರನ್ನು ಎಲ್ಲ ಯೋಜನೆಗಳಿಂದ ತೆಗೆಯುವುದು.’ ಸವಳು ಭೂಮಿಯ ಉಪ್ಪುನೀರು ಹೊರಹೋಗಲು ಬಸಿಗಾಲುವೆ ತೋಡಿಸುವ ಪಟ್ಟಿಯಲ್ಲಿ ಆಕೆಯ ಹೆಸರಿತ್ತು. ಅದೂ ಹೋಗುತ್ತಿತ್ತು, ಹೋದರೆ ಆ ಎಕರೆ ಮತ್ತೆ ಬರುವಂತಿರಲಿಲ್ಲ.

ಖಾಲಿ ಕ್ಯಾನನ್ನು ಕಣ್ಣಾರೆ ನೋಡಿಯೇ ಸಹಿ ಮಾಡೋಣ ಎಂದು ಆಕೆಯ ಹಿಂದೆ ಮನೆಗೆ ಹೋದೆ. ಹಿತ್ತಲಲ್ಲಿ ಮೂರು ಒಡಕು ಬಕೆಟ್, ಮೂರರಲ್ಲೂ ಭತ್ತದ ಸಸಿ. ಆಕೆಯೇ ತೋರಿಸಿ ಹೇಳಿದಳು: ಒಂದಕ್ಕೆ ಬರೀ ಕಾಲುವೆ ನೀರು, ಒಂದಕ್ಕೆ ನಾನು ಹೇಳಿದಷ್ಟು ದ್ರಾವಣ, ಮತ್ತೊಂದಕ್ಕೆ ಅಳತೆ ಮೀರಿ ಕೈತುಂಬ. ಎರಡನೆಯದು ತುಸು ಹಸಿರಾಗಿತ್ತು. ಮೂರನೆಯದರ ಎಲೆತುದಿ ಸುಟ್ಟಿತ್ತು. ಪಕ್ಕದಲ್ಲೇ ಕ್ಯಾನ್, ಹೆಚ್ಚೂಕಡಿಮೆ ತುಂಬಿಯೇ ಇತ್ತು.

“ನಾಳೆ ಹೊಡಿಬೇಕಂತ ಮಾಡೀನ್ರೀ, ನೀವು ಹೇಳಿದಷ್ಟ. ಮೊದ್ಲ ಇದರಾಗ ನೋಡೀನಿ. ನೆಲ ಹೋದ್ರ ನೀವು ತಂದು ಕೊಡ್ತೀರೇನು?”

“ಮೊದಲೇ ಯಾಕೆ ಹೇಳಲಿಲ್ಲ?”

“ನಂಬಿಲ್ಲ ಅಂದ್ರ ಸಿಟ್ಟಾಗ್ತೀರಿ ಅಂತ್ರೀ.”

ನಿಜಕ್ಕೂ ನಾಚಿಕೆಯಾಯಿತು. ಹಿಂದಿನ ವರ್ಷ ತರಬೇತಿಗೆಂದು ಕಡಲ ತೀರಕ್ಕೆ ಹೋಗಿದ್ದೆ. ಅಲ್ಲಿ ಪಾಚಿ ಬೆಳೆಯುವ ಹೆಂಗಸೊಬ್ಬಳು, ಬಿದಿರಿನ ತೆಪ್ಪದ ಬದಲು ಬಲೆಯ ಕೊಳವೆಯಲ್ಲಿ ಬೆಳೆಯಿರಿ ಎಂದು ಅಲ್ಲಿನ ಅಧಿಕಾರಿಗಳು ಹೇಳಿದಾಗ, ಮೊದಲು ಒಂದೇ ಕೊಳವೆ ಕಟ್ಟಿ ನೋಡಿದ್ದಳು. ‘ಬಲು ಜಾಣೆ’ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಹುಲಿಗೆಮ್ಮ ಮಾಡಿದ್ದೂ ಅದನ್ನೇ.

ರಿಪೋರ್ಟನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಂಡೆ. ಅನುಮಾನ ಇಬ್ಬರಿಗೂ ಇತ್ತು. ಆಕೆ ತನ್ನದನ್ನು ಬಕೆಟ್ಟಿನಲ್ಲಿ ಹಾಕಿ ನೋಡಿದಳು. ನಾನು ನನ್ನದನ್ನು ನೇರ ಕಾಗದಕ್ಕೆ ಇಳಿಸಿದ್ದೆ. ನಿವೃತ್ತಿಯಾಗುವ ತನಕ ಮತ್ತೆಂದೂ ಬದುವಿನ ಮೇಲೆ ನಿಂತು ರಿಪೋರ್ಟ್ ಬರೆಯಲಿಲ್ಲ.