ಮೊಮ್ಮಗಳ ಆರನೇ ಬೆರಳು

ಭದ್ರಾವತಿಯ ಆಸ್ಪತ್ರೆಯಲ್ಲಿ ಮೊಮ್ಮಗಳ ಎಡಗೈ ಬಿಡಿಸಿ ನೋಡಿದರೆ ಆರು ಬೆರಳು!

"ಬಸುರೀಲಿ ಗ್ರಹಣದ ಹೊತ್ತು ತರಕಾರಿ ಹೆಚ್ಬೇಡ ಅಂದ್ರೆ ಕೇಳಿದ್ಯೇನೇ?" ಎಂದು ನನ್ನ ಹೆಂಡತಿ ಸೊಸೆಯ ಮೇಲೆ ಹರಿಹಾಯ್ದಳು. ಹಸಿ ಬಾಣಂತಿ ಗೋಡೆ ಕಡೆ ತಿರುಗಿ ಅಳತೊಡಗಿದಳು.

"ಗ್ರಹಣ ಅಲ್ಲಮ್ಮ, ಇದು ವಂಶದಿಂದ ಬರೋದು. ಒಂದು ತಲೆಮಾರು ಬಿಟ್ಟೂ ಬರುತ್ತೆ," ಎಂದರು ಡಾಕ್ಟರಮ್ಮ.

ನಾನು ಕುಣಿಯುವುದೊಂದು ಬಾಕಿ! ನನ್ನ ಎಡಗೈ ಕಿರುಬೆರಳ ಪಕ್ಕದ ಗಂಟನ್ನು ಎಲ್ಲರಿಗೂ ತೋರಿಸಿದೆ. ನನಗೂ ಅಲ್ಲೊಂದು ಬೆರಳಿತ್ತು. ಹುಟ್ಟಿದಾಗ ಅವ್ವ ದಾರ ಬಿಗಿದು ಉದುರಿಸಿದ್ದಳಂತೆ.

"ಅಯ್ಯೋ ಮಾರಾಯ್ರೆ, ಇಷ್ಟು ವರ್ಷ ಅದು ಫ್ಯಾಕ್ಟರೀಲಾದ ಗಾಯ ಅಂದ್ಕೊಂಡಿದ್ನಲ್ರೀ!" ಎಂದಳು ಹೆಂಡತಿ. ಸೊಸೆ ಅಳುತ್ತಲೇ ನಕ್ಕಳು.

ಈಗ ಮಗು ನೋಡಲು ಬಂದವರಿಗೆಲ್ಲ ನನ್ನ ಹೆಂಡತಿಯೇ ಮುಂದಾಗಿ ಆ ಪುಟ್ಟ ಬೆರಳು ತೋರಿಸಿ, "ಥೇಟ್ ಅವರಜ್ಜಂದೇ" ಎಂದು ಬೀಗುತ್ತಾಳೆ.