ಪುರಾವೆಯ ಮೇಡಂ

ಸೇಡಂ ಕಾಲೇಜಿನ ಕಂಪ್ಯೂಟರ್ ಮೇಡಂ ಉಮಾದೇವಿಯವರಿಗೆ ಪ್ರೋಗ್ರಾಂ ಓಡಿದರಷ್ಟೇ ಸಾಲದು. ವಿದ್ಯಾರ್ಥಿಗಳು "ಇವತ್ತು ಓಡೇದರಿ" ಎಂದರೆ "ನಾಳಿನೂ ಓಡ್ತದಂತ ಪುರಾವೆ ಕೊಡ್ರಿ" ಎನ್ನುತ್ತಾರೆ. ವಾಡಿ ಸ್ಟೇಷನ್ನಿನಲ್ಲಿ ತರ್ಕ ಬರೆಯುತ್ತ ಕೂತು ಎಷ್ಟೋ ರೈಲು ತಪ್ಪಿಸಿಕೊಂಡಿದ್ದಾರೆ. ಪ್ರೋಗ್ರಾಮಿನಲ್ಲಿ ಒಟ್ಟಿಗೆ ನಡೆಯುವ ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ನಿಂತುಬಿಡಬಾರದೆಂದು, ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಓಡಿಸುವ ಮೊದಲೇ ಪ್ರೋಗ್ರಾಮಿನ ತಪ್ಪು ಹಿಡಿಯುವ, ಟೈಪುಗಳ ಅಂದರೆ ದತ್ತಾಂಶದ ಬಗೆಗಳ ನಿಯಮವೊಂದನ್ನು ಕಟ್ಟಿದ್ದರು. ಮದುವೆಮನೆಗೆ ಹೋದರೂ ಅದರದೇ ಮಾತು. ಮೊನ್ನೆ ಕ್ಲಾಸಿನಲ್ಲಿ ವಿದ್ಯಾರ್ಥಿನಿ ನಗ್ಮಾ ಎದ್ದು, "ಮೇಡಂ, ಈ ಪ್ರೋಗ್ರಾಂ ನಿಮ್ಮ ನಿಯಮದಾಗ ಪಾಸಾಗ್ತದ, ಆದ್ರೂ ನಿಂತುಬಿಡ್ತದರಿ" ಎಂದಳು. ಮೇಡಂ ಅದನ್ನು ಬೋರ್ಡಿನ ಮೇಲೆ ಸಾಲುಸಾಲಾಗಿ ನಡೆಸಿ ನೋಡಿದರು; ನಿಜಕ್ಕೂ ನಿಂತಿತು. ಆಮೇಲೆ ಅವರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿ, "ಭಾಳ ಚಂದ ಕೆಡವಿದಿ, ನಗ್ಮಾ! ಬಾ, ಕೂಡಿ ಕಟ್ಟೋಣ" ಎಂದು ಚಾಕ್ ಅವಳ ಕೈಗಿತ್ತರು. ಸಂಜೆಗೆ ಸರಿಹೋದ ನಿಯಮಕ್ಕೆ ಮೇಡಂ ತಾವೇ ಇಟ್ಟ ಹೆಸರು ನಗ್ಮಾ ನಿಯಮ.