ಮೇಸ್ತ್ರಿಯ ದನಿ, ಗೇಟಿನ ನಿಯಮ

ಶಿಡ್ಲಘಟ್ಟದ ರೇಷ್ಮೆ ಕಾರ್ಖಾನೆಯಲ್ಲಿ ನಾನು ಗುಮಾಸ್ತನಾಗಿದ್ದಾಗ, ನೂಲು ಕದಿಯುವ ಕಲೆ ಹೆಂಗಸರಿಗೆ ಮಾತ್ರ ಬರುತ್ತದೆಂಬುದು ಆಡಳಿತದ ದೃಢ ನಂಬಿಕೆ. ಸಂಜೆ ಗಂಡಸರು ಬೀಡಿ ಹಚ್ಚಿಕೊಂಡು ಗೇಟು ದಾಟುತ್ತಿದ್ದರು. ಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ತುರುಬು, ಸೆರಗು, ಸೊಂಟ ತಡಕುತ್ತಿದ್ದ. ಮಾಲೀಕರ ಆಸ್ತಿಯ ಮೇಲೆ ಅವನ ನಿಷ್ಠೆ ಅಪಾರ. ಮುದುಕಿಯರ ಸರದಿ ಬಂದಾಗ ಮಾತ್ರ ಆ ನಿಷ್ಠೆ ದಣಿಯುತ್ತಿತ್ತು.

ನಾನೇನು ಸಾಧುವೇ? "ಏಮಮ್ಮಾ, ತುರುಬಲ್ಲಿ ಏನಿಟ್ಕೊಂಡಿದ್ದೀಯಾ?" ಎಂದು ಮೇಸ್ತ್ರಿಯಂತೆಯೇ ರಾಗ ಎಳೆದು, ಮರುಕ್ಷಣ ಸೆರಗು ಬಿಗಿಹಿಡಿದ ಹೆಂಗಸಾಗಿ ಮುದುಡಿ ತೋರಿಸುತ್ತಿದ್ದೆ. ಟೀ ಅಂಗಡಿಯಲ್ಲಿ ಗಂಡಸರು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಟೀ ಪುಕ್ಕಟೆ.

ಒಂದು ಸಂಜೆ, ಮೇಲೂರಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಮೇಸ್ತ್ರಿಯ ಕೈ ತಳ್ಳಿದಳು.

"ತಪಾಸ್ಣೆ ಬೇಡ್ವಾ? ಹಂಗಾದ್ರೆ ನಾಳೆಯಿಂದ ಕೆಲಸಾನೂ ಬೇಡ ಬಿಡು" ಎಂದ ಅವನು.

ಅವಳು ಗೇಟಿನ ಪಕ್ಕದ ಮೇಜಿನಲ್ಲಿ ಕೂತಿದ್ದ ನನ್ನತ್ತ ತಿರುಗಿದಳು. "ಗೋಡೆ ಮೇಲೆ ನಿಯಮ ಬರೆದು ಹಾಕಿದ್ದೀಯಂತಲ್ಲಪ್ಪ. ನಮ್ಮ ವಿಷಯ ಏನೈತೋ ಓದು."

ಬರೆದವನು ನಾನೇ, ಮುತ್ತಿನಂಥ ಅಕ್ಷರದಲ್ಲಿ. ಅದರ ಮೇಲೆ ತಿಮ್ಮಪ್ಪನ ಕ್ಯಾಲೆಂಡರ್ ತೂಗುಹಾಕಿದವನು ಮೇಸ್ತ್ರಿ. ದೇವರನ್ನು ಸರಿಸಿ, ಅಭ್ಯಾಸಬಲದಿಂದ ಮೇಸ್ತ್ರಿಯ ದನಿಯಲ್ಲೇ ಶುರುಮಾಡಿದೆ. ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ.

"ಅವನ ದನಿ ದಿನಾ ಕೇಳ್ತೀನಿ. ಟೀ ಅಂಗಡೀಲಿ ನೀನು ನನ್ನಂಗೆ ಮುದುಡೋದೂ ನೋಡಿದ್ದೀನಿ. ನಿನ್ನ ದನೀಲಿ ಓದು ಕಣಪ್ಪ."

ಹತ್ತು ಜನರ ದನಿ ಸಲೀಸಾಗಿ ಬರುತ್ತಿದ್ದ ಗಂಟಲಿನಿಂದ ನನ್ನದೊಂದು ಹೊರಡಲು ಎರಡು ಸಲ ಕೆಮ್ಮಬೇಕಾಯಿತು. "ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡತಕ್ಕದ್ದು." ಕೋಳಿಮರಿ ಕೂಗಿದಂತಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

ಅವಳು ಗೇಟಿನಲ್ಲೇ ಕುಳಿತಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ಕುಳಿತರು. ದಾರಿ ಕಟ್ಟಿತು; ಬೀಡಿ ಹಚ್ಚಿದ್ದ ಗಂಡಸರೂ ಒಳಗೇ ಉಳಿದರು. ಮೇಸ್ತ್ರಿ ಗೊಣಗುತ್ತ ಹೋಗಿ ಕಸ ಗುಡಿಸುವ ಅಜ್ಜಿಯನ್ನು ಕರೆತಂದ. ಅಜ್ಜಿ ಒಬ್ಬೊಬ್ಬರ ಸೆರಗು ಮುಟ್ಟಿ, "ಹೋಗಮ್ಮ, ಹೋಗು" ಎಂದು ಕಳಿಸಿದಳು.

ಮರುದಿನ ಅವಳು ಎಂದಿನಂತೆ ಕೆಲಸಕ್ಕೆ ಬಂದಳು. ನನ್ನ ಅಕ್ಷರಸೇವೆಯನ್ನು ಮೆಚ್ಚಿ ಮೇಜನ್ನು ಬಾಯ್ಲರಿನ ಪಕ್ಕಕ್ಕೆ ಸಾಗಿಸಲಾಗಿತ್ತು.

"ದನಿ ಪರವಾಗಿಲ್ಲ ಕಣಪ್ಪ," ಎಂದಳು ಹಾದುಹೋಗುತ್ತ, "ಒಸಿ ಕೀರಲು, ಅಷ್ಟೆ."

ಟೀ ಅಂಗಡಿಯಲ್ಲಿ ಮೇಸ್ತ್ರಿಯನ್ನು ಅಣಕಿಸುವುದನ್ನೇನೂ ಬಿಡಲಿಲ್ಲ. ಸೆರಗಿನ ಭಾಗ ಬಿಟ್ಟೆ. ಅರ್ಧ ಆಟಕ್ಕೆ ಯಾರೂ ಟೀ ಕೊಡಿಸಲಿಲ್ಲ.